ಗಡ್ಡೆಯ ರಕ್ತನಾಳ ತಡೆ ಚಿಕಿತ್ಸೆ: ಕ್ಯಾನ್ಸರ್ ಹರಡುವಿಕೆ ಮತ್ತು ಮೈಸೂರಿನ ತಂಬಾಕು ಸೀಮೆ

ಗಡ್ಡೆಯ ರಕ್ತನಾಳ ತಡೆ ಚಿಕಿತ್ಸೆ: ಕ್ಯಾನ್ಸರ್ ಗಡ್ಡೆಗೆ ಆಹಾರವನ್ನೂ ಆಮ್ಲಜನಕವನ್ನೂ ಒದಗಿಸುವ ಹೊಸ ರಕ್ತನಾಳಗಳು ಹುಟ್ಟದಂತೆ ಮಾಡಿ, ಹುಟ್ಟಿದವು ಬಾಡುವಂತೆ ಮಾಡಿ, ಗಡ್ಡೆಯ ಬೆಳವಣಿಗೆಯನ್ನೂ ಹರಡುವಿಕೆಯನ್ನೂ ಹಿಡಿದು ನಿಲ್ಲಿಸುವ ಕ್ರಮ. ವೈದ್ಯರು ಇದನ್ನು ಆಂಟಿ-ಆಂಜಿಯೋಜೆನಿಕ್ ಚಿಕಿತ್ಸೆ ಎನ್ನುತ್ತಾರೆ. ಕಿಮೋಥೆರಪಿಯ ಗುರಿ ಕ್ಯಾನ್ಸರ್ ಕೋಶವಾದರೆ, ಇದರ ಗುರಿ ಆ ಕೋಶವನ್ನು ಸಾಕುವ ರಕ್ತನಾಳ. ಒಂದು ಅಂಗದಲ್ಲಿ ಹುಟ್ಟಿದ ಕ್ಯಾನ್ಸರ್ ಶ್ವಾಸಕೋಶ, ಪಿತ್ತಜನಕಾಂಗ, ಮೂಳೆಗಳಿಗೆ ಹರಡಿದ ಮೇಲೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯ ಕೈ ಸಾಗುವುದಿಲ್ಲ. ಈ ಚಿಕಿತ್ಸೆಯ ಬಳಕೆ ಹೆಚ್ಚಾಗಿ ಆ ಹಂತದಲ್ಲೇ.

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ (ಎಚ್.ಡಿ. ಕೋಟೆ) ತಾಲ್ಲೂಕುಗಳಿಗೆ ಈ ವಿಷಯ ಎರಡು ದಾರಿಗಳಿಂದ ಹತ್ತಿರವಾಗುತ್ತದೆ. ಸಿಗರೇಟಿಗೆ ಹೋಗುವ ವರ್ಜೀನಿಯಾ ತಂಬಾಕಿನ ಸೀಮೆ ಇದು; ಆ ಎಲೆಯಲ್ಲಿರುವ ನಿಕೋಟಿನ್‌ಗೆ ರಕ್ತನಾಳಗಳನ್ನು ಚಿಗುರಿಸುವ ಗುಣವಿದೆ. ಇಲ್ಲಿಂದ ಒಂದೆರಡು ಗಂಟೆಯ ಬಸ್ ದಾರಿಯಲ್ಲಿರುವ ಮಾನಸಗಂಗೋತ್ರಿಯಲ್ಲಿ, ಮೈಸೂರು ವಿಶ್ವವಿದ್ಯಾನಿಲಯದ ಪ್ರಯೋಗಾಲಯಗಳಲ್ಲಿ, ಅದೇ ಚಿಗುರನ್ನು ಚಿವುಟುವ ವಸ್ತುಗಳ ಹುಡುಕಾಟ ವರ್ಷಗಟ್ಟಲೆ ನಡೆದಿದೆ.

ಗಡ್ಡೆಗೆ ರಕ್ತ ಏಕೆ ಬೇಕು

ರಕ್ತನಾಳದಿಂದ ಹೊರಬಂದ ಆಮ್ಲಜನಕ ಅಂಗಾಂಶದೊಳಗೆ ಸಾಗಬಲ್ಲ ದೂರ ಬಹಳ ಕಡಿಮೆ, ಸುಮಾರು 0.1ರಿಂದ 0.2 ಮಿಲಿಮೀಟರ್. ಆದ್ದರಿಂದ ತನ್ನದೇ ರಕ್ತನಾಳಗಳಿಲ್ಲದ ಗಡ್ಡೆ ಒಂದೆರಡು ಮಿಲಿಮೀಟರ್ ದಾಟಿ ಬೆಳೆಯಲಾರದು. ಇದನ್ನು ಮೊದಲು ಗಟ್ಟಿಯಾಗಿ ಹಿಡಿದವರು ಅಮೆರಿಕದ ಶಸ್ತ್ರವೈದ್ಯ ಜುಡಾ ಫೋಕ್‌ಮನ್ (1933–2008). 1960ರ ದಶಕದ ಆರಂಭದಲ್ಲಿ ನೌಕಾಪಡೆಯ ಸೇವೆಯಲ್ಲಿದ್ದ ಅವರು ರಕ್ತಕ್ಕೆ ಬದಲಿಯಾಗುವ ದ್ರವವನ್ನು ಹುಡುಕುತ್ತ, ದೇಹದಿಂದ ಬೇರ್ಪಡಿಸಿದ ಥೈರಾಯ್ಡ್ ಗ್ರಂಥಿಗಳನ್ನು ಗಾಜಿನ ಪಾತ್ರೆಯಲ್ಲಿ ಜೀವಂತವಾಗಿ ಇಟ್ಟಿದ್ದರು. ಅವುಗಳೊಳಗೆ ಕ್ಯಾನ್ಸರ್ ಕೋಶಗಳನ್ನು ಬಿಟ್ಟಾಗ ಚುಕ್ಕೆಯಷ್ಟು ಗಡ್ಡೆಗಳು ಎದ್ದು, ಅಲ್ಲಿಗೇ ನಿಂತವು. ಅವೇ ಗಡ್ಡೆಗಳನ್ನು ಇಲಿಯ ಮೈಗೆ ಮರಳಿ ಸೇರಿಸಿದರೆ ರಕ್ತನಾಳಗಳು ಬಂದು ಸುತ್ತಿಕೊಂಡವು, ಗಡ್ಡೆ ದೊಡ್ಡದಾಯಿತು. 1971ರ ನವೆಂಬರ್‌ನಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಅವರು ತಮ್ಮ ವಾದವನ್ನು ಮುಂದಿಟ್ಟರು: ಗಡ್ಡೆ ಏನೋ ಒಂದು ವಸ್ತುವನ್ನು ಹೊರಬಿಟ್ಟು ರಕ್ತನಾಳಗಳನ್ನು ತನ್ನತ್ತ ಕರೆಸಿಕೊಳ್ಳುತ್ತದೆ, ಆ ಕರೆಯನ್ನೇ ಅಡಗಿಸಿದರೆ ಗಡ್ಡೆ ಸೊರಗುತ್ತದೆ. ಆಗ ಹೆಚ್ಚಿನವರು ಇದನ್ನು ಒಪ್ಪಲಿಲ್ಲ. ಗಡ್ಡೆಯ ಸುತ್ತಣ ಕೆಂಪು ಬರಿಯ ಉರಿಯೂತ ಎಂಬುದೇ ಅಂದಿನ ಸಾಮಾನ್ಯ ತಿಳಿವಳಿಕೆ.

ಆ ‘ಏನೋ ಒಂದು ವಸ್ತು’ ಕೈಗೆ ಸಿಗಲು ಹನ್ನೆರಡು ವರ್ಷ ಹಿಡಿಯಿತು. 1983ರಲ್ಲಿ ಹೆರಾಲ್ಡ್ ಡ್ವೊರಾಕ್ ಅವರ ತಂಡ ರಕ್ತನಾಳಗಳನ್ನು ಸೋರುವಂತೆ ಮಾಡುವ ಪ್ರೋಟೀನೊಂದನ್ನು ಗಡ್ಡೆಗಳಲ್ಲಿ ಗುರುತಿಸಿತು. 1989ರಲ್ಲಿ ಜೆನೆಂಟೆಕ್ ಕಂಪನಿಯ ನೆಪೋಲಿಯೋನ್ ಫೆರಾರಾ ರಕ್ತನಾಳದ ಒಳಪದರವನ್ನು ಬೆಳೆಸುವ ಪ್ರೋಟೀನಿನ ಜೀನ್ ಬಿಡಿಸಿದರು. ಎರಡೂ ಒಂದೇ ಎಂದು ತಿಳಿಯಿತು. ಅದಕ್ಕೀಗ ವಿಇಜಿಎಫ್ ಎಂದು ಹೆಸರು. ಉಸಿರು ಸಾಲದ ಕೋಶದಲ್ಲಿ ಎಚ್‌ಐಎಫ್ ಎಂಬ ಸೂಚಕ ಎಚ್ಚೆತ್ತು ವಿಇಜಿಎಫ್ ತಯಾರಿಸಲು ಅಪ್ಪಣೆ ಕೊಡುತ್ತದೆ. ಈ ಆಮ್ಲಜನಕದ ಅರಿವಿನ ವ್ಯವಸ್ಥೆಯನ್ನು ಬಿಡಿಸಿ ತೋರಿಸಿದ ಕೇಲಿನ್, ರ್‍ಯಾಟ್‌ಕ್ಲಿಫ್, ಸೆಮೆನ್ಜಾ ಅವರಿಗೆ 2019ರ ನೊಬೆಲ್ ಬಂತು.

ಹರಡುವಿಕೆಯಲ್ಲಿ ರಕ್ತನಾಳಕ್ಕೆ ಎರಡು ಪಾತ್ರಗಳಿವೆ. ಗಡ್ಡೆಯೊಳಗಿನ ಹೊಸ ನಾಳಗಳ ಗೋಡೆ ಸಡಿಲ, ತೂತುಬಿದ್ದದ್ದು. ಕ್ಯಾನ್ಸರ್ ಕೋಶಗಳು ಅದರೊಳಕ್ಕೆ ನುಸುಳಿ ದೂರದ ಅಂಗಗಳಿಗೆ ಹೋಗುತ್ತವೆ. ಹೋಗಿ ಕೂತ ಜಾಗದಲ್ಲಿ ಬೆಳೆಯಬೇಕಾದರೆ ಅಲ್ಲಿ ಮತ್ತೆ ಹೊಸ ನಾಳಗಳು ಬೇಕು. ಅವು ಬರದಿದ್ದರೆ ಕೋಶಗಳ ಪುಟ್ಟ ಗುಂಪು ವರ್ಷಗಟ್ಟಲೆ ಹಾಗೆಯೇ ಮಲಗಿರಬಹುದು. ಬಾಯಿಯ ಕ್ಯಾನ್ಸರ್ ಮೊದಲು ಹಿಡಿಯುವ ದಾರಿ ಮಾತ್ರ ಬೇರೆ. ಅದು ದುಗ್ಧನಾಳಗಳ ಮೂಲಕ ಕುತ್ತಿಗೆಯ ಗ್ರಂಥಿಗಳಿಗೆ ಇಳಿಯುತ್ತದೆ. ದುಗ್ಧನಾಳಗಳನ್ನು ಚಿಗುರಿಸುವ ವಿಇಜಿಎಫ್-ಸಿ ಎಂಬ ಸೋದರ ಪ್ರೋಟೀನನ್ನು ಹೊರಗೆಡಹಿದವರು ಫಿನ್ಲೆಂಡಿನ ಕಾರಿ ಅಲಿಟಾಲೊ ಮತ್ತು ಸಂಗಡಿಗರು.

ಎಲೆಯೊಳಗಿನ ನಿಕೋಟಿನ್

ಹುಣಸೂರಿನ ಕಟ್ಟೆಮಳಲವಾಡಿ, ಚಿಲ್ಕುಂದ, ಪಿರಿಯಾಪಟ್ಟಣ, ಕಂಪಲಾಪುರ, ಎಚ್.ಡಿ. ಕೋಟೆ ಮತ್ತು ನೆರೆಯ ಹಾಸನ ಜಿಲ್ಲೆಯ ರಾಮನಾಥಪುರ—ಕರ್ನಾಟಕದ ವರ್ಜೀನಿಯಾ ತಂಬಾಕಿನ ಹರಾಜು ನಡೆಯುವ ಊರುಗಳಿವು. ಕೇಂದ್ರ ಸರ್ಕಾರದ ತಂಬಾಕು ಮಂಡಳಿ 1976ರಲ್ಲಿ ಶುರುವಾಯಿತು. ಕರ್ನಾಟಕದಲ್ಲಿ ಮಂಡಳಿಯ ಹರಾಜು ಆರಂಭವಾದದ್ದು 1984ರಲ್ಲಿ, ಆಂಧ್ರಕ್ಕಿಂತ ಒಂದು ವರ್ಷ ಮೊದಲು. ಮುಂಗಾರಿನ ಮೊದಲ ಮಳೆಗೆ ಸಸಿ ನೆಟ್ಟು, ಕೆಳಗಿನ ಎಲೆಯಿಂದ ಮೇಲಕ್ಕೆ ಸರದಿಯಂತೆ ಮುರಿದು, ಬ್ಯಾರನ್‌ನಲ್ಲಿ ಸೌದೆ ಉರಿಸಿ ಹದಗೊಳಿಸಿ, ಬೇಲ್ ಕಟ್ಟಿ ಹರಾಜಿಗೆ ಒಯ್ಯುವ ಈ ಬೆಳೆ ಮಳೆಯಾಶ್ರಿತ ಕೆಂಪು ನೆಲದ ಸಾವಿರಾರು ಕುಟುಂಬಗಳಿಗೆ ನಗದು ತಂದುಕೊಟ್ಟಿದೆ. ಹುಣಸೂರಿನಲ್ಲಿ ಕೇಂದ್ರ ತಂಬಾಕು ಸಂಶೋಧನಾ ಸಂಸ್ಥೆ ಎಂಬ ಹೆಸರಿನಲ್ಲಿದ್ದ ಸಂಸ್ಥೆಯ ಸಂಶೋಧನಾ ಕೇಂದ್ರವಿದೆ. ಈ ಭಾಗದಲ್ಲಿ ಬಹುಕಾಲ ಮೆರೆದ ‘ಕಾಂಚನ್’ ತಳಿ ಬಂದದ್ದು ಅಲ್ಲಿಂದಲೇ.

ತಂಬಾಕು ಕ್ಯಾನ್ಸರ್ ತರುವ ಬಗೆ ಬಹಳ ಹಿಂದೆಯೇ ತಿಳಿದದ್ದು: ಎಲೆ ಹದಗೊಳ್ಳುವಾಗ ಹುಟ್ಟುವ ನೈಟ್ರೊಸಮೀನ್‌ಗಳು, ಹೊಗೆಯಲ್ಲಿರುವ ಟಾರಿನ ರಾಸಾಯನಿಕಗಳು ಕೋಶದ ಡಿಎನ್ಎಯನ್ನು ಕೆಡಿಸುತ್ತವೆ. ಚಟ ಹಿಡಿಸುವ ನಿಕೋಟಿನ್ ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿ ಇಲ್ಲ. ಹಾಗೆಂದು ಅದು ನಿರಪರಾಧಿಯೂ ಅಲ್ಲ. 2001ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಕ್ರಿಸ್ಟೋಫರ್ ಹೀಶೆನ್, ಜಾನ್ ಕುಕ್ ಮತ್ತಿತರರು ‘ನೇಚರ್ ಮೆಡಿಸಿನ್’ನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಧೂಮಪಾನಿಗಳ ರಕ್ತದಲ್ಲಿ ಇರುವಷ್ಟೇ ಪ್ರಮಾಣದ ನಿಕೋಟಿನ್ ರಕ್ತನಾಳದ ಒಳಪದರದ ಕೋಶಗಳನ್ನು ಬೆಳೆಸಿ, ಇಲಿಗಳಲ್ಲಿ ಹೊಸ ನಾಳಗಳನ್ನೂ ಅವುಗಳೊಡನೆ ಶ್ವಾಸಕೋಶದ ಗಡ್ಡೆಯನ್ನೂ ದೊಡ್ಡದು ಮಾಡಿತು. ನರಕೋಶಗಳಲ್ಲಿ ನಿಕೋಟಿನ್ ಹೋಗಿ ಕೂರುವಂಥ ಗ್ರಾಹಕಗಳು ರಕ್ತನಾಳದ ಒಳಪದರದಲ್ಲೂ ಇವೆ ಎಂಬುದು ಇದರ ಗುಟ್ಟು. ಅಂದರೆ ಎಲೆಯ ಒಂದು ಅಂಶ ಗಡ್ಡೆಯನ್ನು ಹುಟ್ಟಿಸಿದರೆ ಮತ್ತೊಂದು ಅದಕ್ಕೆ ರಕ್ತದ ದಾರಿ ಮಾಡಿಕೊಡಬಲ್ಲದು. ಕ್ಯಾನ್ಸರ್ ಪತ್ತೆಯಾದ ಮೇಲೆ ‘ಇನ್ನೇನು ಬಿಟ್ಟು ಪ್ರಯೋಜನ’ ಎಂದು ಬೀಡಿ ಸೇದುತ್ತಲೇ ಇರುವವರಿಗೆ ವೈದ್ಯರು ಕೊಡಬೇಕಾದ ಉತ್ತರಗಳಲ್ಲಿ ಇದೂ ಒಂದು.

ಇಲ್ಲಿ ಬೆಳೆಯುವವನನ್ನೂ ಬಳಸುವವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಈ ತಾಲ್ಲೂಕುಗಳ ವರ್ಜೀನಿಯಾ ಎಲೆ ಸಿಗರೇಟಿಗೆ ಹೋಗುವಂಥದು, ಅದರಲ್ಲೂ ದೊಡ್ಡ ಪಾಲು ಹೊರದೇಶಕ್ಕೆ. ಎಲೆ-ಅಡಿಕೆಯ ಜೊತೆ ಅಗಿಯುವ ಹೊಗೆಸೊಪ್ಪು ಬೇರೆ ಜಾತಿಯದು. ಹಸಿ ಎಲೆ ಮುರಿಯುವ ಕೂಲಿಯವರ ಚರ್ಮದ ಮೂಲಕ ನಿಕೋಟಿನ್ ಒಳಸೇರಿ ತಲೆಸುತ್ತು, ವಾಂತಿ ತರುವುದುಂಟು. ಅದು ವಿಷಬಾಧೆಯೇ ಹೊರತು ಕ್ಯಾನ್ಸರ್ ಅಲ್ಲ. ಊರಿನಲ್ಲಿ ಕ್ಯಾನ್ಸರ್ ತರುವುದು ಬೀಡಿ, ಸಿಗರೇಟು, ಕಡ್ಡಿಪುಡಿ, ಗುಟ್ಕಾ. ಗುಟ್ಕಾವನ್ನು ಕರ್ನಾಟಕ ಸರ್ಕಾರ 2013ರಲ್ಲಿ ನಿಷೇಧಿಸಿತು. ಆಮೇಲೆ ಪಾನ್ ಮಸಾಲೆ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದರಲ್ಲಿ ಬರತೊಡಗಿದವು.

ಮಾನಸಗಂಗೋತ್ರಿಯ ಸಂಶೋಧನೆ

ಮೈಸೂರು ವಿಶ್ವವಿದ್ಯಾನಿಲಯದ ಅನ್ವಯಿಕ ಸಸ್ಯಶಾಸ್ತ್ರ ಮತ್ತು ಜೈವಿಕ ತಂತ್ರಜ್ಞಾನ ವಿಭಾಗದಲ್ಲಿ ಪ್ರೊ. ಭಾರತಿ ಪಿ. ಸಾಲಿಮಠ ಅವರ ತಂಡ ಗಡ್ಡೆಯ ರಕ್ತನಾಳಗಳನ್ನೇ ವಸ್ತುವಾಗಿಟ್ಟುಕೊಂಡು ದೀರ್ಘಕಾಲ ಕೆಲಸ ಮಾಡಿತು. ಕನ್ನಡನಾಡಿನಲ್ಲಿ ಈ ವಿಷಯಕ್ಕೆ ನೆಲೆ ಒದಗಿಸಿದ ಪ್ರಯೋಗಾಲಯಗಳನ್ನು ಹೆಸರಿಸುವಾಗ ಅದನ್ನು ಬಿಡುವಂತಿಲ್ಲ. ಅವರು ಮುಖ್ಯವಾಗಿ ಬಳಸಿದ್ದು ಎರ್ಲಿಕ್ ಅಸೈಟಿಸ್ ಗಡ್ಡೆಯ ಕೋಶಗಳನ್ನು. ಇವನ್ನು ಇಲಿಯ ಹೊಟ್ಟೆಯ ಪೊರೆಯೊಳಗೆ ಬಿಟ್ಟರೆ ಕೆಲವೇ ದಿನಗಳಲ್ಲಿ ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಪೊರೆಯ ಮೇಲೆ ರಕ್ತನಾಳಗಳು ದಟ್ಟವಾಗುತ್ತವೆ, ನೀರಿನಲ್ಲಿ ವಿಇಜಿಎಫ್ ಅಳೆಯಲು ಸಿಗುತ್ತದೆ. ಔಷಧದ ಪರಿಣಾಮ ಕಣ್ಣಿಗೇ ಕಾಣುವ ಮಾದರಿ ಇದು. ಇನ್ನೊಂದು ಪರೀಕ್ಷೆ ಕೋಳಿಮೊಟ್ಟೆಯದು: ಕಾವಿಗಿಟ್ಟ ಮೊಟ್ಟೆಯ ಚಿಪ್ಪಿನಲ್ಲಿ ಸಣ್ಣ ಕಿಟಕಿ ಕೊರೆದು, ಭ್ರೂಣದ ಹೊರಪೊರೆಯ ಮೇಲೆ ಪರೀಕ್ಷಿಸಬೇಕಾದ ವಸ್ತುವನ್ನು ಇಟ್ಟು, ಅಲ್ಲಿ ನಾಳಗಳು ಕವಲೊಡೆಯುತ್ತವೆಯೋ ಇಲ್ಲವೋ ನೋಡುವುದು. ಕಡಿಮೆ ಖರ್ಚಿನಲ್ಲಿ, ಸಾಧಾರಣ ಸಲಕರಣೆಯಲ್ಲಿ ಆಗುವ ಕೆಲಸ.

2002ರಲ್ಲಿ ಈ ತಂಡ ಜರ್ಮನಿಯ ಫ್ರೈಬುರ್ಗಿನ ಡೀಟರ್ ಮಾರ್ಮೆ ಅವರೊಂದಿಗೆ ಪ್ರಕಟಿಸಿದ ಪ್ರಬಂಧ ಅರಿಶಿನದ ಹಳದಿ ವಸ್ತುವಾದ ಕರ್ಕ್ಯುಮಿನ್ ಕುರಿತದ್ದು. ಕರ್ಕ್ಯುಮಿನ್ ಕೊಟ್ಟಾಗ ಇಲಿಯ ಹೊಟ್ಟೆಯ ಪೊರೆಯಲ್ಲೂ ಮೊಟ್ಟೆಯ ಪೊರೆಯಲ್ಲೂ ಹೊಸ ನಾಳಗಳು ಕುಗ್ಗಿದವು. ಕೋಶಗಳೊಳಗೆ ವಿಇಜಿಎಫ್ ಮತ್ತು ಆಂಜಿಯೋಪೊಯೆಟಿನ್ ಜೀನ್‌ಗಳ ಕೆಲಸವೇ ತಗ್ಗಿತು. ಮುಂದೆ 2006ರಲ್ಲಿ ಜ್ಯೇಷ್ಠಮಧುವಿನ ಸಾರ, 2008ರಲ್ಲಿ ಅಮೃತಬಳ್ಳಿಯಿಂದ ಬೇರ್ಪಡಿಸಿದ ಆಕ್ಟಕೊಸನಾಲ್, ನಡುವೆ ಕಸ್ತೂರಿ ಅರಿಶಿನ—ಹೀಗೆ ಹಿತ್ತಲ ಗಿಡಗಳ ಸಾಲೇ ಪರೀಕ್ಷೆಗೆ ಬಂತು. ಯುವರಾಜ ಕಾಲೇಜಿನ ಶೌಕತ್ ಅರಾ ಖಾನುಮ್ ಅವರು ರೂಪಿಸಿದ ಬೆಂಜೋಫಿನೋನ್ ಜಾತಿಯ ಕೃತಕ ಸಂಯುಕ್ತಗಳೂ ಇದೇ ಗಡ್ಡೆಯ ಮಾದರಿಯಲ್ಲಿ ಒರೆಗೆ ಹತ್ತಿದವು.

ಈ ಕೆಲಸದ ಬೆಲೆ ದೊಡ್ಡದು, ಆದರೆ ಅದು ಎಲ್ಲಿ ನಿಲ್ಲುತ್ತದೆ ಎಂಬುದೂ ತಿಳಿದಿರಬೇಕು. ಇಲಿಯ ಹೊಟ್ಟೆಯೊಳಕ್ಕೆ ಸೂಜಿಯಲ್ಲಿ ಕೊಟ್ಟ ಕರ್ಕ್ಯುಮಿನ್ ಗಡ್ಡೆಯನ್ನು ನೇರವಾಗಿ ತಲುಪುತ್ತದೆ. ಮನುಷ್ಯ ನುಂಗಿದ ಕರ್ಕ್ಯುಮಿನ್‌ನ ಬಹುಪಾಲು ಕರುಳಿನಿಂದ ರಕ್ತಕ್ಕೆ ಸೇರುವುದೇ ಇಲ್ಲ. ಸೇರಿದ್ದನ್ನೂ ಪಿತ್ತಜನಕಾಂಗ ಬೇಗನೆ ಮಾರ್ಪಡಿಸಿ ಹೊರಹಾಕುತ್ತದೆ. ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದೂ ನೂರಕ್ಕೆ ಎರಡರಿಂದ ಐದು ಪಾಲಿನಷ್ಟೇ. ಹರಡಿದ ಕ್ಯಾನ್ಸರನ್ನು ಅರಿಶಿನ ಹಾಲು ಅಥವಾ ಅಮೃತಬಳ್ಳಿಯ ಕಷಾಯ ತಡೆಯುತ್ತದೆ ಎಂದು ಈ ಪ್ರಬಂಧಗಳು ಎಲ್ಲೂ ಹೇಳಿಲ್ಲ. ಹಾಗೆ ಹೇಳಿ ಮಾರುವವರು ಪ್ರಬಂಧ ಓದಿದವರಲ್ಲ.

ಔಷಧಗಳು

ಸಿದ್ಧಾಂತ ಔಷಧವಾಗಿ ಬಂದದ್ದು 2004ರ ಫೆಬ್ರವರಿಯಲ್ಲಿ. ವಿಇಜಿಎಫ್‌ಗೆ ಅಂಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸುವ ಬೆವಸಿಜುಮ್ಯಾಬ್ ಎಂಬ ಪ್ರತಿಕಾಯಕ್ಕೆ, ಹರಡಿದ ದೊಡ್ಡಕರುಳಿನ ಕ್ಯಾನ್ಸರಿನಲ್ಲಿ ಬಳಸಲು, ಅಮೆರಿಕ ಒಪ್ಪಿಗೆ ಕೊಟ್ಟಿತು. ಒಪ್ಪಿಗೆಗೆ ಆಧಾರವಾದ ಪರೀಕ್ಷೆಯಲ್ಲಿ ಕಿಮೋಥೆರಪಿ ಮಾತ್ರ ಪಡೆದವರ ಮಧ್ಯಮ ಬದುಕು 15.6 ತಿಂಗಳು, ಬೆವಸಿಜುಮ್ಯಾಬ್ ಸೇರಿದವರದು 20.3 ತಿಂಗಳು. ಗರ್ಭಕೊರಳಿನ ಮುಂದುವರಿದ ಕ್ಯಾನ್ಸರಿನಲ್ಲಿ, 2014ರಲ್ಲಿ ವರದಿಯಾದಂತೆ, 13.3 ತಿಂಗಳು 17ಕ್ಕೆ ಏರಿತು. ನಮ್ಮ ಹಳ್ಳಿಗಳ ಹೆಂಗಸರನ್ನು ಕಾಡುವ ಕ್ಯಾನ್ಸರ್ ಅದಾದ್ದರಿಂದ ಈ ಅಂಕಿ ನೆನಪಿಡತಕ್ಕದ್ದು. ಇದರ ಜೊತೆಗೆ ರಕ್ತನಾಳದ ಕೋಶದೊಳಗಿನ ಕರೆಯ ತಂತಿಯನ್ನು ಕತ್ತರಿಸುವ ಮಾತ್ರೆಗಳು ಬಂದವು: ಸೊರಾಫೆನಿಬ್ (2005), ಸುನಿಟಿನಿಬ್ (2006), ಪಜೋಪನಿಬ್ (2009), ರೆಗೊರಾಫೆನಿಬ್ (2012). ಮೂತ್ರಪಿಂಡದ ಕ್ಯಾನ್ಸರಿನಲ್ಲಿ ಇವು ಚಿಕಿತ್ಸೆಯ ಸ್ವರೂಪವನ್ನೇ ಬದಲಿಸಿದವು. ಪಿತ್ತಜನಕಾಂಗದ ಕ್ಯಾನ್ಸರಿನಲ್ಲಿ ಸೊರಾಫೆನಿಬ್ 7.9 ತಿಂಗಳನ್ನು 10.7ಕ್ಕೆ ಒಯ್ದಿತು, 2020ರಿಂದ ಅದೇ ರೋಗಕ್ಕೆ ಬೆವಸಿಜುಮ್ಯಾಬ್‌ನೊಡನೆ ರೋಗನಿರೋಧಕ ಔಷಧ ಅಟೆಜೊಲಿಜುಮ್ಯಾಬ್ ಸೇರಿದ ಜೋಡಿ ಮೇಲು ಎನಿಸಿದೆ. ಒಂದು ಕಾಲದಲ್ಲಿ ಕೈಕಾಲಿಲ್ಲದ ಶಿಶುಗಳ ಹುಟ್ಟಿಗೆ ಕಾರಣವಾಗಿ ಕುಖ್ಯಾತವಾದ ಥಾಲಿಡೊಮೈಡ್ ರಕ್ತನಾಳಗಳನ್ನು ತಡೆಯುತ್ತದೆಂದು 1994ರಲ್ಲಿ ತಿಳಿದು, ಮೈಲೋಮಾ ಎಂಬ ರಕ್ತದ ಕ್ಯಾನ್ಸರಿಗೆ ಔಷಧವಾಗಿ ಮರಳಿ ಬಂತು. ಬೆವಸಿಜುಮ್ಯಾಬ್ ಅನ್ನು ಕಣ್ಣಿನ ವೈದ್ಯರೂ ಬಳಸುತ್ತಾರೆ. ಮಧುಮೇಹಿಗಳ ಅಕ್ಷಿಪಟಲದಲ್ಲಿ ಬೇಡದ ನಾಳಗಳು ಬೆಳೆದಾಗ ಅದರ ಒಂದು ಹನಿಯಷ್ಟನ್ನು ಕಣ್ಣೊಳಗೆ ಚುಚ್ಚುತ್ತಾರೆ.

ಬೆಲೆಯ ಕಥೆಯಲ್ಲಿ ಭಾರತಕ್ಕೆ ಮುಖ್ಯ ಪಾತ್ರವಿದೆ. ಬೇಯರ್ ಕಂಪನಿಯ ಸೊರಾಫೆನಿಬ್‌ಗೆ ತಿಂಗಳಿಗೆ ಸುಮಾರು 2.8 ಲಕ್ಷ ರೂಪಾಯಿ ಇದ್ದಾಗ, 2012ರ ಮಾರ್ಚ್‌ನಲ್ಲಿ ಪೇಟೆಂಟ್ ನಿಯಂತ್ರಕರು ಹೈದರಾಬಾದಿನ ನ್ಯಾಟ್ಕೊಗೆ ಕಡ್ಡಾಯ ಪರವಾನಗಿ ಕೊಟ್ಟು 8,800 ರೂಪಾಯಿಗೆ ಮಾರಲು ಅನುವು ಮಾಡಿದರು. ದೇಶದ ಮೊದಲ ಕಡ್ಡಾಯ ಪರವಾನಗಿ ಅದು. ಬೆಂಗಳೂರಿನ ಬಯೋಕಾನ್ 2017ರ ನವೆಂಬರ್‌ನಲ್ಲಿ ಬೆವಸಿಜುಮ್ಯಾಬ್‌ನ ಸಮರೂಪವನ್ನು ‘ಕ್ರಾಬೆವಾ’ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು.

ಕೈಕೊಟ್ಟ ಕಡೆಗಳು

ಫೋಕ್‌ಮನ್ ತಂಡ 1994ರಲ್ಲಿ ಆಂಜಿಯೋಸ್ಟ್ಯಾಟಿನ್, 1997ರಲ್ಲಿ ಎಂಡೊಸ್ಟ್ಯಾಟಿನ್ ಎಂಬ ಸಹಜ ತಡೆಗಳನ್ನು ಕಂಡಾಗ, ಇಲಿಗಳಲ್ಲಿ ಗಡ್ಡೆಗಳು ಕರಗಿದ್ದನ್ನು ನೋಡಿ ಪತ್ರಿಕೆಗಳು ಕ್ಯಾನ್ಸರ್ ಮುಗಿಯಿತೆಂಬಂತೆ ಬರೆದವು. ಮನುಷ್ಯರಲ್ಲಿ ಹಾಗಾಗಲಿಲ್ಲ. ಸ್ತನ ಕ್ಯಾನ್ಸರಿಗೆ 2008ರಲ್ಲಿ ಸಿಕ್ಕ ಬೆವಸಿಜುಮ್ಯಾಬ್ ಒಪ್ಪಿಗೆಯನ್ನು ಅಮೆರಿಕ 2011ರಲ್ಲಿ ಹಿಂತೆಗೆದುಕೊಂಡಿತು. ಆಯುಸ್ಸು ಹೆಚ್ಚಿದ್ದು ಕಾಣಲಿಲ್ಲ. ಕರುಳಿನ ಗಡ್ಡೆ ತೆಗೆದ ಮೇಲೆ, ಮುಂದೆ ಹರಡದಿರಲಿ ಎಂದು ಅದನ್ನು ಕೊಟ್ಟು ನೋಡಿದ ಪರೀಕ್ಷೆಗಳೂ ಸೋತವು. ಹರಡುವಿಕೆಯನ್ನು ಮೊದಲೇ ತಡೆಯಬೇಕೆಂಬ ಆಸೆಗೆ ಬಿದ್ದ ದೊಡ್ಡ ಪೆಟ್ಟು ಇದೇ. 2009ರಲ್ಲಂತೂ ಎರಡು ಪ್ರಯೋಗಾಲಯಗಳು, ಇಲಿಗಳಲ್ಲಿ ಕೆಲವು ಸಂದರ್ಭಗಳಲ್ಲಿ ಈ ತಡೆಯೇ ಗಡ್ಡೆಯನ್ನು ಇನ್ನಷ್ಟು ಹರಡುವಂತೆ ಮಾಡಿತೆಂದು ವರದಿ ಮಾಡಿದವು. ಉಸಿರು ಕಟ್ಟಿದ ಕೋಶ ಸಾಯುವ ಬದಲು ಜಾಗ ಬದಲಿಸಲು ಕಲಿಯುತ್ತದೆ. ಒಂದು ಪ್ರೋಟೀನ್ ತಡೆದರೆ ಇನ್ನೊಂದನ್ನು ಬಳಸುತ್ತದೆ. ಇಲ್ಲವೇ ಅಂಗದಲ್ಲಿ ಮೊದಲೇ ಇರುವ ನಾಳಗಳನ್ನೇ ತಬ್ಬಿ ಬೆಳೆಯುತ್ತದೆ.

ಐಐಟಿ ಕಾನ್ಪುರದಲ್ಲಿ ಓದಿ ಹಾರ್ವರ್ಡಿನಲ್ಲಿ ನೆಲೆಸಿದ ರಾಕೇಶ್ ಜೈನ್ 2001ರಲ್ಲಿ ಬೇರೆಯ ವಿವರಣೆ ಕೊಟ್ಟರು. ಗಡ್ಡೆಯ ನಾಳಗಳು ಸೊಟ್ಟಗೆ, ಸೋರುತ್ತ ಇರುವುದರಿಂದ ಕಿಮೋಥೆರಪಿಯೂ ಒಳಗೆ ಸರಿಯಾಗಿ ತಲುಪುವುದಿಲ್ಲ. ಕೃಷ್ಣರಾಜನಗರದ ರೈತನನ್ನು ಕೇಳಿದರೆ ತಿಳಿದೀತು: ಏರಿ ಒಡೆದ ನಾಲೆಯಲ್ಲಿ ಎಷ್ಟು ನೀರು ಬಿಟ್ಟರೂ ಕೊನೆಯ ಗದ್ದೆಗೆ ಹನಿ ಹೋಗದು. ವಿಇಜಿಎಫ್ ತಡೆ ಹದವಾಗಿದ್ದರೆ ನಾಳಗಳು ಕೆಲಕಾಲ ಸರಿಹೋಗಿ, ಜೊತೆಗೆ ಕೊಟ್ಟ ಔಷಧವೂ ಆಮ್ಲಜನಕವೂ ಒಳಗಿಳಿಯುತ್ತವೆ. ಬೆವಸಿಜುಮ್ಯಾಬ್ ಒಂಟಿಯಾಗಿ ದುರ್ಬಲವಾಗಿದ್ದೂ ಕಿಮೋ ಜೊತೆಗೆ ಏಕೆ ಫಲ ಕೊಡುತ್ತದೆ ಎಂಬುದಕ್ಕೆ ಇದು ಒಪ್ಪುವ ಕಾರಣ.

ಬಾಯಿ ಕ್ಯಾನ್ಸರ್ ಮತ್ತು ಅಗ್ಗದ ಮಾತ್ರೆ

ತಂಬಾಕಿನಿಂದ ಬರುವ ಕ್ಯಾನ್ಸರುಗಳಲ್ಲೇ ಕೆಲವಕ್ಕೆ ಹೆಸರಾಂತ ಬೆವಸಿಜುಮ್ಯಾಬ್ ಒಗ್ಗುವುದಿಲ್ಲ. ಧೂಮಪಾನಕ್ಕೆ ಬಲವಾಗಿ ಅಂಟಿಕೊಂಡಿರುವ ಸ್ಕ್ವಾಮಸ್ ಬಗೆಯ ಶ್ವಾಸಕೋಶ ಕ್ಯಾನ್ಸರಿನಲ್ಲಿ ಬೆವಸಿಜುಮ್ಯಾಬ್ ಕೊಟ್ಟಾಗ ಪ್ರಾಣ ತೆಗೆಯುವಷ್ಟು ರಕ್ತ ಕೆಮ್ಮಿನಲ್ಲಿ ಬಂದದ್ದರಿಂದ, 2006ರ ಒಪ್ಪಿಗೆಯಲ್ಲಿ ಆ ಬಗೆಯನ್ನು ಹೊರಗಿಟ್ಟರು. ತಲೆ-ಕುತ್ತಿಗೆಯ ಕ್ಯಾನ್ಸರಿನ ದೊಡ್ಡ ಪರೀಕ್ಷೆಯಲ್ಲಿ, 2019ರ ವರದಿಯಂತೆ, ಆಯುಸ್ಸಿನಲ್ಲಿ ಖಚಿತ ಲಾಭ ಕಾಣಲಿಲ್ಲ, ರಕ್ತಸ್ರಾವ ಮಾತ್ರ ಹೆಚ್ಚಿತು.

ಬಾಯಿ ಕ್ಯಾನ್ಸರಿಗೆ ರಕ್ತನಾಳದ ದಾರಿ ತೆರೆದದ್ದು ಬೇರೆ ಕಡೆಯಿಂದ. ಹಳೆಯ, ಅಗ್ಗದ ಕಿಮೋ ಔಷಧಗಳನ್ನು ಸಣ್ಣ ಡೋಸಿನಲ್ಲಿ ಬಿಡುವಿಲ್ಲದೆ ಕೊಟ್ಟರೆ ರಕ್ತನಾಳದ ಒಳಪದರದ ಕೋಶಗಳು ಬೆಳೆಯಲು ಪುರಸೊತ್ತು ಸಿಗುವುದಿಲ್ಲ ಎಂದು 2000ದಲ್ಲಿ ಫೋಕ್‌ಮನ್ ಅವರ ಪ್ರಯೋಗಾಲಯವೂ ಕೆನಡಾದ ರಾಬರ್ಟ್ ಕರ್ಬೆಲ್ ಅವರೂ ತೋರಿಸಿದರು. ಇದಕ್ಕೆ ಮೆಟ್ರೊನೊಮಿಕ್ ಚಿಕಿತ್ಸೆ ಎಂದು ಹೆಸರಾಯಿತು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವಿಜಯ್ ಪಾಟೀಲ್, ಕುಮಾರ್ ಪ್ರಭಾಶ್ ಮತ್ತಿತರರು ಅದನ್ನು ತಲೆ-ಕುತ್ತಿಗೆಯ ಕ್ಯಾನ್ಸರ್ ಮರುಕಳಿಸಿದವರಲ್ಲಿ, ಹರಡಿದವರಲ್ಲಿ ಬಳಸಿ ನೋಡಿದರು. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಮಾತ್ರೆ, ದಿನಕ್ಕೆರಡು ಬಾರಿ ಸೆಲೆಕಾಕ್ಸಿಬ್. ಸೆಲೆಕಾಕ್ಸಿಬ್ ಕೀಲುನೋವಿನ ಔಷಧ. ಗಡ್ಡೆಯ ವಿಇಜಿಎಫ್ ತಗ್ಗಿಸುವ ಗುಣ ಅದಕ್ಕಿದೆ. 422 ಮಂದಿಯ ಪರೀಕ್ಷೆಯ ಫಲ 2020ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ನಲ್ಲಿ ಬಂತು: ನರದ ಮೂಲಕ ಸಿಸ್‌ಪ್ಲಾಟಿನ್ ಪಡೆದವರು 6.1 ತಿಂಗಳು, ಮಾತ್ರೆಯವರು 7.5 ತಿಂಗಳು. ತೀವ್ರ ಅಡ್ಡಪರಿಣಾಮ 30 ಶೇಕಡದಿಂದ 19ಕ್ಕೆ ಇಳಿಯಿತು. ಆಮೇಲೆ ಎರ್ಲೊಟಿನಿಬ್ ಸೇರಿದ ಮೂರು ಮಾತ್ರೆಗಳ ಜೊತೆ, ವಾಡಿಕೆಯ ಡೋಸಿನ ಹತ್ತರಲ್ಲೊಂದಕ್ಕಿಂತ ಕಡಿಮೆಯ ನಿವೊಲುಮ್ಯಾಬ್ ಎಂಬ ರೋಗನಿರೋಧಕ ಔಷಧ ಕೊಟ್ಟಾಗ, ಒಂದು ವರ್ಷ ಬದುಕಿದವರು 16.3 ಶೇಕಡದಿಂದ 43.4ಕ್ಕೆ ಏರಿದರು.

ತಿಂಗಳುಗಳ ಲೆಕ್ಕ ಚಿಕ್ಕದಾಗಿ ಕಾಣಬಹುದು. ಆದರೆ ಎಚ್.ಡಿ. ಕೋಟೆಯ ಕಾಡಂಚಿನ ಹಾಡಿಯಿಂದ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಪ್ರತಿ ಮೂರು ವಾರಕ್ಕೆ ಹೋಗಿ ಮಲಗಿ ಡ್ರಿಪ್ ಹಾಕಿಸಿಕೊಳ್ಳುವುದು, ಜೊತೆಗೆ ಬಂದವನ ದಿನಗೂಲಿ ಹೋಗುವುದು, ಇವನ್ನು ಸೇರಿಸಿ ನೋಡಿದರೆ ಮನೆಯಲ್ಲೇ ನುಂಗುವ ಮಾತ್ರೆ ಎಷ್ಟೋ ಮೇಲು. ನನ್ನ ದೃಷ್ಟಿಯಲ್ಲಿ, ಈ ನಾಲ್ಕು ತಾಲ್ಲೂಕುಗಳ ಮಟ್ಟಿಗೆ ರಕ್ತನಾಳ ತಡೆಯ ಅತ್ಯುಪಯುಕ್ತ ರೂಪ ದುಬಾರಿ ಪ್ರತಿಕಾಯವಲ್ಲ, ಈ ಮಾತ್ರೆಗಳೇ.

ಎಚ್ಚರಿಕೆಗಳು

ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ. ಮರೆತು ದಿನಾ ನುಂಗಿದರೆ ಅಸ್ಥಿಮಜ್ಜೆ ಕುಸಿದು ಪ್ರಾಣಾಪಾಯವಾಗುತ್ತದೆ. ಚೀಟಿಯಲ್ಲಿ ವಾರದ ದಿನವನ್ನು ಕನ್ನಡದಲ್ಲೇ ಬರೆಸಿಕೊಳ್ಳುವುದು ಒಳ್ಳೆಯದು. ಬೆವಸಿಜುಮ್ಯಾಬ್ ಪಡೆಯುವವರಲ್ಲಿ ರಕ್ತದೊತ್ತಡ ಏರಬಹುದು, ಮೂತ್ರದಲ್ಲಿ ಪ್ರೋಟೀನ್ ಹೋಗಬಹುದು, ಗಾಯ ಮಾಯುವುದು ತಡವಾಗಬಹುದು, ಅಪರೂಪಕ್ಕೆ ಕರುಳು ತೂತಾಗಬಹುದು. ಹಲ್ಲು ಕೀಳಿಸುವುದಿದ್ದರೂ ಕ್ಯಾನ್ಸರ್ ವೈದ್ಯರಿಗೆ ಮೊದಲೇ ತಿಳಿಸಬೇಕು. ಸೊರಾಫೆನಿಬ್ ಜಾತಿಯ ಮಾತ್ರೆಗಳಲ್ಲಿ ಅಂಗೈ ಅಂಗಾಲು ಕೆಂಪಾಗಿ ಬಿರಿಯುತ್ತವೆ. ನಾಟಿ ಮದ್ದು, ಕಷಾಯ ಏನಿದ್ದರೂ ಮುಚ್ಚಿಡಬಾರದು.

ಬಾಯಿಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಮೂರು ವಾರವಾದರೂ ಮಾಯದ ಹುಣ್ಣು, ಬಾಯಿ ಪೂರ್ತಿ ತೆರೆಯಲಾಗದ ಬಿಗಿತ, ಕುತ್ತಿಗೆಯಲ್ಲಿ ನೋವಿಲ್ಲದ ಗಂಟು—ಇವುಗಳಲ್ಲಿ ಯಾವುದು ಕಂಡರೂ ಹರಾಜು ಮುಗಿಯಲಿ, ಸುಗ್ಗಿ ಕಳೆಯಲಿ ಎಂದು ಕಾಯದೆ ತಾಲ್ಲೂಕು ಆಸ್ಪತ್ರೆಯ ದಂತವೈದ್ಯರಿಗೆ ತೋರಿಸಿ. ಆ ಹಂತದಲ್ಲಿ ಕತ್ತರಿಸಿ ತೆಗೆದ ಗಡ್ಡೆಗೆ ಈ ಲೇಖನದಲ್ಲಿ ಹೇಳಿದ ಯಾವ ಔಷಧವೂ ಸಾಮಾನ್ಯವಾಗಿ ಬೇಕಾಗುವುದಿಲ್ಲ.